ಇಬ್ಬರ ಮೋಟರ್‌ಹೋಮ್ ಪಯಣ: ಯಾವ ಟ್ಯಾಂಕ್ ಮೊದಲು ತುಂಬುತ್ತೆ?

ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೋಟರ್‌ಹೋಮ್‌ನಲ್ಲಿ, ಅಂದರೆ ಒಳಗೇ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಇರುವ ಗಾಡಿಯಲ್ಲಿ, ಹೊರಡುವ ಹೆಚ್ಚಿನ ಜೋಡಿಗಳು ಮೊದಲು ನಕ್ಷೆ ಹರಡಿಕೊಂಡು ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ದಿನಕ್ಕೆ ಎಷ್ಟು ದೂರ, ರಾತ್ರಿ ಎಲ್ಲಿ, ಡೀಸೆಲ್ ಎಲ್ಲಿ. ಆದರೆ ಹೊರಟ ಮೂರನೇ ದಿನಕ್ಕೆ ನಿಮ್ಮ ಯೋಜನೆ ಬದಲಾಗುವುದು ಡೀಸೆಲ್ ಮುಗಿದದ್ದಕ್ಕಲ್ಲ, ಟಾಯ್ಲೆಟ್ ಕ್ಯಾಸೆಟ್, ಅಂದರೆ ಮಲಮೂತ್ರ ಸೇರುವ ಪುಟ್ಟ ಡಬ್ಬಿ, ತುಂಬಿದ್ದಕ್ಕೆ. ಆಮೇಲೆ ಸ್ನಾನದ, ಪಾತ್ರೆ ತೊಳೆದ ನೀರು ಸೇರುವ ಕೊಳೆನೀರಿನ ಟ್ಯಾಂಕ್, ಅದರ ಬೆನ್ನಿಗೇ ಕುಡಿಯುವ ನೀರು, ಮೋಡ ಕವಿದಿದ್ದರೆ ಒಳಗಿನ ಫ್ರಿಜ್, ದೀಪ ನಡೆಸುವ ಬ್ಯಾಟರಿ. ಗ್ಯಾಸ್ ಮತ್ತು ಡೀಸೆಲ್ ಕೊನೆಗೆ. ಹಾಗಾಗಿ ನಾವು ಹೇಳುವುದು ಇಷ್ಟೇ: ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮ್ಮ ಗಾಡಿಯ ಅತಿ ಚಿಕ್ಕ ಟ್ಯಾಂಕಿನಲ್ಲಿ ಅಳೆಯಿರಿ. ಎರಡು ಖಾಲಿ ಮಾಡುವ ಜಾಗಗಳ ನಡುವಿನ ದಿನಗಳೇ ಈ ಪಯಣದ ನಿಜವಾದ ಅಳತೆ.

ಟಾಯ್ಲೆಟ್ಟಿನಿಂದಲೇ ಶುರು ಮಾಡೋಣ

ಎಳೆದು ತೆಗೆಯುವ ಕ್ಯಾಸೆಟ್‌ಗಳು ಸಾಮಾನ್ಯವಾಗಿ 17ರಿಂದ 20 ಲೀಟರ್ ಹಿಡಿಯುತ್ತವೆ. ಇಬ್ಬರು ದೊಡ್ಡವರ ಮೂತ್ರವೇ ದಿನಕ್ಕೆ ಸುಮಾರು 3 ಲೀಟರ್. ಇದರ ಮೇಲೆ ಫ್ಲಶ್ಶಿನ ನೀರು. ಒಂದು ಸಲಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರ್ ಅಂತಿಟ್ಟುಕೊಂಡರೂ ದಿನಕ್ಕೆ 2ರಿಂದ 5 ಲೀಟರ್ ಸೇರುತ್ತದೆ. ಅಂದರೆ ಇಬ್ಬರಿಗೆ ಒಂದು ಕ್ಯಾಸೆಟ್ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ದಿನ. ಇದನ್ನು ಐದು ದಿನಕ್ಕೆ ಎಳೆಯಬೇಕಾದರೆ ಎರಡೇ ದಾರಿ. ಅದೇ ಮಾದರಿಯ ಎರಡನೇ ಕ್ಯಾಸೆಟ್ ಒಂದನ್ನು ಜೊತೆಗಿಟ್ಟುಕೊಳ್ಳುವುದು, ಇಲ್ಲವೇ ನಿಲ್ಲಿಸಿದ ಕಡೆಯ ಸಾರ್ವಜನಿಕ ಶೌಚಾಲಯವನ್ನು ಸಾಧ್ಯವಾದಾಗಲೆಲ್ಲ ಬಳಸುವುದು.

ಖಾಲಿ ಮಾಡುವಾಗ ಸಿಡಿಯುವುದು ಒಂದೇ ಕಾರಣಕ್ಕೆ. ಕ್ಯಾಸೆಟ್ಟಿನೊಳಗೆ ಗಾಳಿ ಬಿಡುವ ಗುಂಡಿಯನ್ನು ತೀರಾ ಬೇಗ ಒತ್ತುತ್ತಾರೆ, ಅಥವಾ ಒತ್ತುವುದೇ ಇಲ್ಲ. ಮೂತಿಯನ್ನು ಕೆಳಗೆ ಬಗ್ಗಿಸಿ ಸುರಿಯಲು ಶುರುವಾದ ಮೇಲೆ ಗುಂಡಿ ಒತ್ತಿ ಹಿಡಿಯಬೇಕು. ಆಗ ಒಳಗೆ ಗಾಳಿ ಹೋಗಿ ದ್ರವ ಗುಳುಗುಳು ಅನ್ನದೆ ಸರಾಗವಾಗಿ ಇಳಿಯುತ್ತದೆ. ಇನ್ನೊಂದು ಮಾತು, ಘಾಟಿ ಹತ್ತಿ ಎತ್ತರದ ಜಾಗಕ್ಕೆ ಬಂದಾಗ ಮುಚ್ಚಿದ ಕ್ಯಾಸೆಟ್ಟಿನೊಳಗಿನ ಗಾಳಿ ಹಿಗ್ಗಿರುತ್ತದೆ. ಆಗ ಟಾಯ್ಲೆಟ್ಟಿನ ಮುಚ್ಚಳ ಹಾಕಿಟ್ಟೇ ಟಾಯ್ಲೆಟ್ಟಿಗೂ ಕ್ಯಾಸೆಟ್ಟಿಗೂ ನಡುವಿನ ಜಾರುತಟ್ಟೆಯನ್ನು ನಿಧಾನವಾಗಿ ತೆರೆಯಿರಿ.

ಆ ಜಾರುತಟ್ಟೆಯ ರಬ್ಬರ್ ಸೀಲ್ ಒಣಗಿದರೆ ತಟ್ಟೆ ಬಿಗಿಯಾಗುತ್ತದೆ, ಬಲವಾಗಿ ಎಳೆದರೆ ಹಿಡಿಯೇ ಮುರಿಯುತ್ತದೆ. ಸಿಲಿಕೋನ್ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇ ಮಾತ್ರ ಹಾಕಿ. ವ್ಯಾಸಲೀನ್ ಹಾಕಿದರೆ ರಬ್ಬರ್ ಊದಿಕೊಳ್ಳುತ್ತದೆ, ಅಡುಗೆ ಎಣ್ಣೆ ಅಂಟಾಗಿ ಹೆಪ್ಪುಗಟ್ಟುತ್ತದೆ. ಬ್ಲೀಚಿಂಗ್ ದ್ರಾವಣದಿಂದ ಕ್ಯಾಸೆಟ್ ತೊಳೆಯಲೇಬೇಡಿ. ಅದು ಸೀಲನ್ನು ತಿನ್ನುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಹಳೇ ಮೂತ್ರದ ಅಮೋನಿಯದೊಂದಿಗೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಎಂಬ ವಿಷದ ಅನಿಲ ಹುಟ್ಟುತ್ತದೆ. ಆ ಪುಟ್ಟ ಜಾಗದಲ್ಲಿ ಅದನ್ನು ಉಸಿರಾಡುವುದು ಶ್ವಾಸಕೋಶಕ್ಕೆ ಪೆಟ್ಟು. ಟಾಯ್ಲೆಟ್ಟಿಗೆ ಹಾಕುವ ದ್ರವ ಕೊಳ್ಳುವಾಗ ಫಾರ್ಮಾಲ್ಡಿಹೈಡ್ ಇಲ್ಲದ್ದನ್ನೇ ಆರಿಸಿ. ಫಾರ್ಮಾಲ್ಡಿಹೈಡ್ ಇದ್ದರೆ, ನೀವು ಸುರಿಯುವ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಮುಂದಿನವರಿಗೆ ಆ ಜಾಗ ಮುಚ್ಚಿಹೋಗಲು ಇದೂ ಒಂದು ಕಾರಣ.

ದೊಡ್ಡ ಗಾಡಿಗಳಲ್ಲಿ ಕ್ಯಾಸೆಟ್ ಬದಲು ಅಡಿಯಲ್ಲಿ ಸ್ಥಿರವಾದ ಮಲದ ಟ್ಯಾಂಕ್ ಇರುತ್ತದೆ. ಚರಂಡಿಗೆ ಪೈಪ್ ಜೋಡಿಸಿ ನಿಂತಿದ್ದೀವಲ್ಲ ಅಂತ ಅದರ ವಾಲ್ವ್ ತೆರೆದೇ ಬಿಟ್ಟರೆ ದ್ರವವೆಲ್ಲ ಹರಿದು ಗಟ್ಟಿ ಪದಾರ್ಥ ಮಾತ್ರ ತಳದಲ್ಲಿ ಗುಡ್ಡೆಯಾಗಿ ಒಣಗುತ್ತದೆ. ಅದನ್ನು ಕರಗಿಸುವುದು ದಿನಗಟ್ಟಲೆ ಕೆಲಸ. ವಾಲ್ವ್ ಮುಚ್ಚಿಯೇ ಇರಲಿ, ಮೂರರಲ್ಲಿ ಎರಡು ಭಾಗ ತುಂಬಿದ ಮೇಲೆ ಒಂದೇ ಸಲ ಬಿಡಿ, ಆಮೇಲೆ ಕೊಳೆನೀರಿನ ಟ್ಯಾಂಕ್ ಬಿಟ್ಟರೆ ಪೈಪೂ ತೊಳೆದುಹೋಗುತ್ತದೆ.

ನೀರು

ಇಬ್ಬರು ಎಚ್ಚರದಿಂದ ಬಳಸಿದರೆ ದಿನಕ್ಕೆ 25ರಿಂದ 35 ಲೀಟರ್ ಸಾಕು. ಕುಡಿಯಲು, ಅಡುಗೆಗೆ 6ರಿಂದ 8, ಪಾತ್ರೆಗೆ 5ರಿಂದ 6, ಉಳಿದದ್ದು ಮೈಕೈಗೆ. ಷವರ್ ಸಾಮಾನ್ಯವಾಗಿ ನಿಮಿಷಕ್ಕೆ 4ರಿಂದ 6 ಲೀಟರ್ ಸುರಿಯುತ್ತದೆ. ಮೈ ಒದ್ದೆ ಮಾಡಿಕೊಂಡು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆದು ತೊಳೆದುಕೊಂಡರೆ ಒಬ್ಬರಿಗೆ 8ರಿಂದ 10 ಲೀಟರ್. 10 ಲೀಟರಿನ ಬಾಯ್ಲರ್ 60 ಡಿಗ್ರಿಗೆ ಕಾದಿದ್ದು ತಣ್ಣೀರು 15 ಡಿಗ್ರಿ ಇದ್ದರೆ, ಎರಡೂ ಬೆರೆತು 38 ಡಿಗ್ರಿಯ ನೀರು ಸುಮಾರು 20 ಲೀಟರ್ ಸಿಗುತ್ತದೆ. ಇಬ್ಬರ ಸ್ನಾನ ಒಂದೇ ಕಾವಿನಲ್ಲಿ ಮುಗಿಯುತ್ತದೆ, ನಡುವೆ ಯಾರೂ ನಲ್ಲಿ ತೆರೆದಿಟ್ಟು ನಿಲ್ಲದಿದ್ದರೆ.

100 ಲೀಟರಿನ ಟ್ಯಾಂಕ್ ಮೂರು ನಾಲ್ಕು ದಿನ ಬರುತ್ತದೆ ಅನ್ನುವುದು ಸರಿ. ಕೊಳೆನೀರಿನ ಟ್ಯಾಂಕ್ ಮಾತ್ರ ಹಲವು ಗಾಡಿಗಳಲ್ಲಿ ಅದಕ್ಕಿಂತ ಚಿಕ್ಕದು, ಹಾಗಾಗಿ ನೀರು ಮುಗಿಯುವ ಮುಂಚೆಯೇ ಅದು ತುಂಬುತ್ತದೆ. ತುಂಬಿದ್ದು ಗೊತ್ತಾಗುವುದು ಷವರಿನ ತಳದಲ್ಲಿ ನೀರು ಮೇಲೆ ಬಂದಾಗ. ತಟ್ಟೆಯ ಜಿಡ್ಡನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವ ಅಭ್ಯಾಸ ಮಾಡಿಕೊಳ್ಳಿ. ಕೊಳೆನೀರಿನ ಟ್ಯಾಂಕ್ ನಾರುವುದು ಸೋಪಿನಿಂದಲ್ಲ, ಗೋಡೆಗೆ ಹಿಡಿದ ಜಿಡ್ಡಿನಿಂದ.

ನೀರು ತುಂಬಿಸುವ ನಲ್ಲಿಯನ್ನು ನಂಬಬೇಡಿ. ಅದೇ ನಲ್ಲಿಯ ಮೂತಿಯನ್ನು ಕ್ಯಾಸೆಟ್ಟಿಗೆ ತಾಗಿಸಿ ತೊಳೆದವರು ಇದ್ದೇ ಇರುತ್ತಾರೆ. ಮೂತಿಯನ್ನು ಸೋಂಕುನಾಶಕದಿಂದ ಒರೆಸಿ, ಒಂದು ನಿಮಿಷ ನೀರು ಹರಿಯಬಿಟ್ಟು, ನಿಮ್ಮದೇ ಪೈಪ್ ಜೋಡಿಸಿ. ಕುಡಿಯುವ ನೀರಿನ ಪೈಪಿಗೂ ಕ್ಯಾಸೆಟ್ ತೊಳೆಯುವ ಪೈಪಿಗೂ ಬಣ್ಣ ಬೇರೆ ಇರಲಿ, ಇಡುವ ಗೂಡೂ ಬೇರೆ ಇರಲಿ.

ಟ್ಯಾಂಕನ್ನು ಶುದ್ಧಿ ಮಾಡುವ ಅಳತೆ ಹೀಗೆ: ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. ಶೇಕಡಾ 5ರ ಪರಿಮಳವಿಲ್ಲದ ಬ್ಲೀಚ್ ದ್ರಾವಣವಾದರೆ 100 ಲೀಟರ್ ನೀರಿಗೆ 100 ಮಿಲಿಲೀಟರ್. ಮೊದಲು ಫಿಲ್ಟರ್ ಬಿಚ್ಚಿಡಿ. ಒಂದೊಂದೇ ನಲ್ಲಿ ತೆರೆದು ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ ಮುಚ್ಚಿ, ನಾಲ್ಕು ಗಂಟೆ ಬಿಟ್ಟು ಎಲ್ಲವನ್ನೂ ಹೊರಹಾಕಿ, ವಾಸನೆ ಹೋಗುವವರೆಗೆ ಎರಡು ಮೂರು ಸಲ ಶುದ್ಧ ನೀರು ತುಂಬಿ ಬಿಡಿ. ಸ್ಟೇನ್‌ಲೆಸ್ ಬಾಯ್ಲರ್ ಇದ್ದರೆ ತಯಾರಕರ ಸೂಚನೆ ಓದಿ. ಕ್ಲೋರಿನ್ ಸ್ಟೀಲನ್ನು ಕೊರೆಯುತ್ತದೆ ಅಂತ ಕೆಲವರು ಅದಕ್ಕೆ ಕ್ಲೋರಿನ್ ಬಿಡಲೇಬಾರದು ಅನ್ನುತ್ತಾರೆ.

ಪಂಪಿನ ಸದ್ದಿಗೆ ಕಿವಿ ಕೊಡಿ. ನಲ್ಲಿಗಳೆಲ್ಲ ಮುಚ್ಚಿದ್ದರೂ ಆಗಾಗ ಒಂದು ಕ್ಷಣ ಟಕ್ ಅಂತ ಓಡಿ ನಿಂತರೆ ಎಲ್ಲೋ ಸೋರುತ್ತಿದೆ. ಸುಮ್ಮನೆ ಓಡುತ್ತಲೇ ಇದ್ದು ನೀರು ಸಣ್ಣಗೆ ಬಂದರೆ ಪಂಪಿನ ಬಾಯಿಯ ಜಾಲರಿ ಕಟ್ಟಿದೆ. ಮಲಗುವಾಗ, ಗಾಡಿ ಬಿಟ್ಟು ಹೊರಗೆ ಹೋಗುವಾಗ ಪಂಪಿನ ಸ್ವಿಚ್ ಆರಿಸಲೇಬೇಕು. ಒಂದು ಜೋಡಣೆ ಕಳಚಿಕೊಂಡರೆ ಟ್ಯಾಂಕಿನ ನೀರೆಲ್ಲ ನೆಲದ ಮರದೊಳಗೆ ಇಳಿಯುತ್ತದೆ.

ಬ್ಯಾಟರಿಯ ಲೆಕ್ಕ

ಇಬ್ಬರ ಒಂದು ದಿನದ ವಿದ್ಯುತ್ತನ್ನು ಕೂಡಿಸಿ ನೋಡೋಣ. 45 ವಾಟಿನ ಕಂಪ್ರೆಸರ್ ಫ್ರಿಜ್ ದಿನದ ಶೇಕಡಾ 40 ಹೊತ್ತು ಓಡಿದರೆ ಸುಮಾರು 430 ವಾಟ್‌ಅವರ್ (ಒಂದು ವಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ವಾಟ್‌ಅವರ್, ಮುಂದಿನ ಅಂಕಿಗಳೂ ಇದರಲ್ಲೇ). ಛಾವಣಿಯ ಫ್ಯಾನ್ ರಾತ್ರಿಯಿಡೀ ಅಂದರೆ 200. ಲ್ಯಾಪ್‌ಟಾಪ್ ನಾಲ್ಕು ಗಂಟೆಗೆ 200. ದೀಪ, ಫೋನು, ಪಂಪು ಎಲ್ಲ ಸೇರಿ 100. ಒಟ್ಟು 930ರ ಆಸುಪಾಸು, 1000 ಅಂತಲೇ ಇಟ್ಟುಕೊಳ್ಳಿ.

200 ಆಂಪಿಯರ್‌ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2560 ವಾಟ್‌ಅವರ್ ಇರುತ್ತದೆ. ಶೇಕಡಾ 80 ಬಳಸಿದರೆ ಬಿಸಿಲೇ ಇಲ್ಲದೆ ಎರಡು ದಿನ. ಅದೇ ಗಾತ್ರದ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಒಂದು ದಿನಕ್ಕೆ ತುಸು ಹೆಚ್ಚು ಅಷ್ಟೇ. ಛಾವಣಿಯ ಮೇಲೆ ಮಟ್ಟಸವಾಗಿ ಕೂರಿಸಿದ 300 ವಾಟಿನ ಸೌರ ಫಲಕ ಒಳ್ಳೆಯ ಬೇಸಿಗೆಯ ದಿನ 1000ದಷ್ಟು ಕೊಡುತ್ತದೆ, ಮಬ್ಬಿನಲ್ಲಿ ಅದರ ಕಾಲುಭಾಗವೂ ಬರದಿರಬಹುದು. ಎಂಜಿನ್ನಿನಿಂದ ಚಾರ್ಜ್ ಮಾಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಗಂಟೆಗೆ 400 ಕೊಡುತ್ತದೆ. ಎರಡೂವರೆ ಗಂಟೆ ಗಾಡಿ ಓಡಿಸಿದರೆ ಒಂದು ದಿನದ ಖರ್ಚು ವಾಪಸು ಬಂತು. ಬಿಸಿಲಿಲ್ಲದ ಪ್ರದೇಶ ದಾಟುವಾಗ ದಿನಾ 150ರಿಂದ 200 ಕಿಲೋಮೀಟರ್ ಓಡಿಸುವ ಯೋಜನೆ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಆ ಚಾರ್ಜರನ್ನು ಬಿಟ್ಟು ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಆಲ್ಟರ್ನೇಟರಿಗೆ, ಅಂದರೆ ಎಂಜಿನ್ನಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಯಂತ್ರಕ್ಕೆ, ಜೋಡಿಸುವವರಿದ್ದಾರೆ. ಲಿಥಿಯಂನ ಒಳ ಪ್ರತಿರೋಧ ಬಹಳ ಕಡಿಮೆ. ಕೊಟ್ಟಷ್ಟನ್ನೂ ಹೀರುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಆಲ್ಟರ್ನೇಟರಿನ ತಂಪಿನ ಫ್ಯಾನೂ ನಿಧಾನ. ಹೊರೆ ಪೂರ್ತಿ, ತಂಪು ಅರೆಬರೆ ಆದಾಗ ಸುರುಳಿ ಸುಡುತ್ತದೆ. ಇನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಚಳಿ ದೇಶದಲ್ಲಿ ಅದನ್ನು ಹೊರಗಿನ ಗೂಡಿನಲ್ಲಿಡದೆ ವಾಸದ ಜಾಗದೊಳಗೇ ಇಡಿ.

ಇಂಡಕ್ಷನ್ ಒಲೆ ಬೇಕೇ ಅಂತ ಬಹಳ ಜನ ಕೇಳುತ್ತಾರೆ. 1800 ವಾಟಿನಲ್ಲಿ ಅರ್ಧ ಗಂಟೆ ಅಡುಗೆ ಅಂದರೆ ಇನ್ವರ್ಟರಿನ ನಷ್ಟವೂ ಸೇರಿ 1000 ವಾಟ್‌ಅವರ್. ಮೇಲೆ ಕೂಡಿಸಿದ ಇಡೀ ದಿನದ ಖರ್ಚು ಒಂದು ಹೊತ್ತಿನ ಅಡುಗೆಗೇ ಹೋಯಿತು. ಆಗ ತಂತಿಯಲ್ಲಿ ಹರಿಯುವುದು 150 ಆಂಪಿಯರಿಗೂ ಹೆಚ್ಚು. ಅಷ್ಟು ಕರೆಂಟಿನಲ್ಲಿ ಸಡಿಲವಾದ ಒಂದು ಟರ್ಮಿನಲ್‌ನಲ್ಲಿ ಒಂದೇ ಒಂದು ಮಿಲಿಓಮ್ ಪ್ರತಿರೋಧ ಇದ್ದರೂ ಆ ಪುಟ್ಟ ಬಿಂದುವಿನಲ್ಲಿ 24 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಕಾದ ಸಾಲ್ಡರಿಂಗ್ ಐರನ್ನೇ ಅಲ್ಲಿ ಕೂತ ಹಾಗೆ. ರಸ್ತೆಯ ಕುಲುಕಾಟಕ್ಕೆ ನಟ್ಟುಗಳು ಸಡಿಲವಾಗುತ್ತವೆ, ಅದಕ್ಕೇ ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಎಲ್ಲ ಟರ್ಮಿನಲ್ಲುಗಳನ್ನೂ ಪಾನಾದಿಂದ ಬಿಗಿಮಾಡಬೇಕು. ಮುಖ್ಯ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಗೆ ಗೇಣುದ್ದದೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ.

ಗ್ಯಾಸ್ ಮತ್ತು ತೇವ

ಈ ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಿನ ಆವಿ ಹುಟ್ಟುತ್ತದೆ. ಒಲೆಯ ಈ ಆವಿಯೆಲ್ಲ ನೀವು ಮಲಗುವ ಜಾಗದೊಳಗೇ ಉಳಿಯುತ್ತದೆ. ಇಬ್ಬರು ರಾತ್ರಿ ಉಸಿರಾಡಿ ಬಿಡುವ ತೇವ ಅರ್ಧ ಲೀಟರಿಗೂ ಹೆಚ್ಚು. ಚಳಿಗೆ ಹೆದರಿ ಎಲ್ಲ ಕಿಟಕಿ ಮುಚ್ಚಿದರೆ ಇದೆಲ್ಲ ತಣ್ಣಗಿರುವ ಜಾಗ ಹುಡುಕಿ ಕೂರುತ್ತದೆ: ಕಿಟಕಿ ಚೌಕಟ್ಟು, ಬೀರುವಿನ ಹಿಂಬದಿ, ಮುಖ್ಯವಾಗಿ ಹಾಸಿಗೆಯ ಅಡಿ. ಎರಡು ವಾರದಲ್ಲಿ ಬೂಷ್ಟು. ಛಾವಣಿಯ ಕಿಂಡಿ ಎರಡು ಬೆರಳು, ಕೆಳಗಿನ ಒಂದು ಕಿಟಕಿ ಒಂದು ಬೆರಳು ಸದಾ ತೆರೆದಿರಲಿ. ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಅಥವಾ ಮರದ ಪಟ್ಟಿ ಇರಲಿ, ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಎತ್ತಿ ನಿಲ್ಲಿಸಿ.

ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ, ಚಳಿಗಾಲದ ಪಯಣಕ್ಕೆ ಅದೇ ಬೇಕು. ಅಡುಗೆಗೆ ಮಾತ್ರವಾದರೆ 11 ಕೆಜಿಯ ಸಿಲಿಂಡರ್ ವಾರಗಟ್ಟಲೆ ಬರುತ್ತದೆ, ಕೊರೆಯುವ ಚಳಿಯಲ್ಲಿ ಹೀಟರಿಗೂ ಅದೇ ಆದರೆ ಮೂರು ನಾಲ್ಕು ದಿನ. ಎರಡೂ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿಕೊಂಡು ಕೂರುತ್ತದೆ. ಸಿಲಿಂಡರ್ ಗೂಡಿನ ತಳದ ತೂತು ಇರುವುದು ಅದು ಹೊರಗೆ ಹೋಗಲೆಂದೇ, ಧೂಳು ಬರುತ್ತದೆ ಅಂತ ಮುಚ್ಚಬೇಡಿ. ಗ್ಯಾಸಿನ ಅಲಾರಂ ನೆಲದ ಹತ್ತಿರ, ಕಾರ್ಬನ್ ಮಾನಾಕ್ಸೈಡಿನದು ಮಲಗಿದವರ ಮೂಗಿನ ಎತ್ತರಕ್ಕೆ. ಎರಡೂ ಬೇರೆ ಬೇರೆ ಉಪಕರಣ, ಎರಡೂ ಬೇಕು. ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ತೂಕ

ಗಾಡಿ ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಇದು: ಇದರ ಮೇಲೆ ಇನ್ನೆಷ್ಟು ಕೆಜಿ ಹೇರಬಹುದು? 3500 ಕೆಜಿಯ ಮಿತಿ ಇರುವ ಗಾಡಿಗಳಲ್ಲಿ ಎಲ್ಲ ಸೌಕರ್ಯ ಸೇರಿಸಿದ ಮೇಲೆ 300ರಿಂದ 500 ಕೆಜಿ ಉಳಿದರೆ ಪುಣ್ಯ. ಅದರಲ್ಲೇ ನೀರು 100, ಜೊತೆಗಾರರು 70, ಎರಡು ವಿದ್ಯುತ್ ಸೈಕಲ್ 50, ಬಿಸಿಲುಚಪ್ಪರ 30. ಬಟ್ಟೆ, ಪಾತ್ರೆ, ದಿನಸಿ ಇನ್ನೂ ಹತ್ತಿಸಿಯೇ ಇಲ್ಲ.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಹೊರುವ ಅಚ್ಚು) ತನ್ನ ಮಿತಿ ಮೀರಿರಬಹುದು. ಎರಡು ಆಕ್ಸಲ್ಲುಗಳ ನಡುವೆ 4 ಮೀಟರ್ ಇದ್ದು, ಹಿಂದಿನ ಆಕ್ಸಲ್ಲಿನಿಂದ 2 ಮೀಟರ್ ಹಿಂದೆ 50 ಕೆಜಿ ನೇತುಹಾಕಿದರೆ ಆ ಆಕ್ಸಲ್ ಮೇಲೆ ಬೀಳುವುದು 75 ಕೆಜಿ, ಮುಂದಿನದರಿಂದ 25 ಕೆಜಿ ಎದ್ದುಹೋಗುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನಲ್ಲಿ, ಕಡಿದಾದ ಏರಿನಲ್ಲಿ ಚಕ್ರ ಜಾರುವುದು ಹೀಗೆ. ಹೊರಡುವ ಮುನ್ನ ನೀರು, ಡೀಸೆಲ್, ಸಾಮಾನು, ಇಬ್ಬರೂ ಒಳಗಿದ್ದು ವೇಬ್ರಿಡ್ಜಿನ ಮೇಲೆ ಹೋಗಿ ಒಟ್ಟು ತೂಕ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಮೂರನ್ನೂ ಬರೆಸಿಕೊಳ್ಳಿ. ಟಯರಿನ ಗಾಳಿಯನ್ನು ನಿರ್ಧರಿಸುವುದೂ ಆ ಆಕ್ಸಲ್ ತೂಕದಿಂದಲೇ, ತಯಾರಕರ ಪಟ್ಟಿ ನೋಡಿ, ಟಯರ್ ತಣ್ಣಗಿದ್ದಾಗ. ಮೋಟರ್‌ಹೋಮಿನ ಟಯರ್ ಸವೆದು ಹೋಗುವುದಕ್ಕಿಂತ ಮುಂಚೆ ವಯಸ್ಸಾಗಿ ಬಿರಿಯುತ್ತದೆ. ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2321 ಅಂದರೆ 2021ರ 23ನೇ ವಾರದ್ದು. ಆರೇಳು ವರ್ಷ ದಾಟಿದ ಟಯರಿನಲ್ಲಿ, ನೋಡಲು ಎಷ್ಟೇ ಚೆನ್ನಾಗಿದ್ದರೂ, ದೇಶ ದಾಟಲು ಹೊರಡಬೇಡಿ. ಅನೇಕ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಮೊದಲೇ ಬಗ್ಗಿ ನೋಡಿಕೊಳ್ಳಿ. ಚಕ್ರ ಬಿಚ್ಚಿ ಹಾಕಿದರೆ 50ರಿಂದ 80 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು.

ಓಡಿಸುವುದು, ಹಿಂದಕ್ಕೆ ತೆಗೆಯುವುದು

ಗಾಡಿಯ ಎತ್ತರ, ಅಗಲ, ಉದ್ದ, ತೂಕ ನಾಲ್ಕನ್ನೂ ಚಾಲಕರ ಕಣ್ಣೆದುರು ಚೀಟಿಯಲ್ಲಿ ಅಂಟಿಸಿ. ಎತ್ತರವನ್ನು ಪುಸ್ತಕದಿಂದ ಬರೆಯದೆ ಛಾವಣಿಯ ಏಸಿ, ಆಂಟೆನಾ ಸೇರಿಸಿ ನೀವೇ ಅಳೆಯಿರಿ. ಗಂಟೆಗೆ 90ರ ಬದಲು 110ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಉಳಿಯುವ ಸಮಯ ಅಲ್ಪ, ಸುಡುವ ಡೀಸೆಲ್ ಬಹಳ. ಘಾಟಿ ಇಳಿಯುವಾಗ ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿಳಿಸಿ, ಬ್ರೇಕನ್ನು ಒತ್ತಿ ಬಿಟ್ಟು ಮಾಡಿ. ಒತ್ತಿಯೇ ಹಿಡಿದರೆ ಕಾದು ಹಿಡಿತ ಹೋಗುತ್ತದೆ. ಬಲಕ್ಕೆ ತಿರುಗಿಸಿದಾಗ ಉದ್ದನೆಯ ಹಿಂಭಾಗ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ತಾಗುವುದು ಮೂತಿಯಲ್ಲ, ಬಾಲ.

ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಇನ್ನೊಬ್ಬರು ಇಳಿಯಲೇಬೇಕು. ಕ್ಯಾಮೆರಾಕ್ಕೆ ಮರದ ಕೊಂಬೆ ಕಾಣುವುದಿಲ್ಲ. ಇಳಿದವರು ಚಾಲಕರ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಬೇಕು, ಗಾಡಿಯ ನೇರ ಹಿಂದೆ ಎಂದೂ ನಿಲ್ಲಬಾರದು. ಬಾಯಿಮಾತು ಬೇಡ, ಎಂಜಿನ್ ಸದ್ದಿನಲ್ಲಿ "ಬಾ" ಕೂಡ "ಬೇಡ" ಅಂತ ಕೇಳಿಸುತ್ತದೆ. ಕೈಸನ್ನೆ ನಾಲ್ಕೇ ಸಾಕು: ಬನ್ನಿ, ಈ ಕಡೆ, ಇಷ್ಟೇ ಜಾಗ ಇದೆ, ನಿಲ್ಲಿಸಿ. ಕನ್ನಡಿಯಲ್ಲಿ ಜೊತೆಗಾರರು ಕಾಣದೇ ಹೋದ ಕ್ಷಣ ಗಾಡಿ ನಿಲ್ಲಬೇಕು. ಇದೊಂದು ನಿಯಮಕ್ಕೆ ಬದ್ಧರಾದರೆ ಜಗಳವೂ ಇಲ್ಲ, ಗೀರೂ ಇಲ್ಲ.

ಇಬ್ಬರಿಗೂ ಎಲ್ಲ ಕೆಲಸವೂ ಗೊತ್ತಿರಲಿ

ಒಬ್ಬರು ಓಡಿಸುವುದು, ಇನ್ನೊಬ್ಬರು ಅಡುಗೆ ಅಂತ ಕೆಲಸ ಹಂಚಿಕೊಂಡು ಹಾಗೇ ಉಳಿದುಬಿಡುವುದು ಸುಲಭ. ನಮಗೆ ಅದು ತಪ್ಪು ಅನ್ನಿಸುತ್ತದೆ. ಊರಿನಿಂದ ದೂರದಲ್ಲಿ ಓಡಿಸುವವರಿಗೇ ಜ್ವರ ಬಂದರೆ ಗಾಡಿ ತೆಗೆಯುವವರು ಯಾರು? ಗ್ಯಾಸ್ ಮುಖ್ಯ ವಾಲ್ವ್, ಬ್ಯಾಟರಿ ಸ್ವಿಚ್, ಪಂಪಿನ ಫ್ಯೂಸ್, ಕ್ಯಾಸೆಟ್, ಜ್ಯಾಕ್ ಇಡುವ ಬಿಂದು ಇವಿಷ್ಟನ್ನೂ ಇಬ್ಬರೂ ಕತ್ತಲೆಯಲ್ಲೂ ಹುಡುಕುವಂತಿರಬೇಕು. ವಾರಕ್ಕೊಮ್ಮೆ ಕೆಲಸ ಅದಲುಬದಲು ಮಾಡಿ. ಲೈಸೆನ್ಸ್ ಇಬ್ಬರಿಗೂ ಆ ತೂಕದ ಗಾಡಿಗೆ ಹೊಂದುತ್ತದೆಯೇ, ವಿಮೆಯಲ್ಲಿ ಇಬ್ಬರ ಹೆಸರೂ ಇದೆಯೇ ನೋಡಿಕೊಳ್ಳಿ. ಗಾಡಿ ಆರಿಸುವಾಗಲೂ ಇದೇ ದೃಷ್ಟಿ ಇರಲಿ. ಅಡ್ಡಡ್ಡ ಹಾಸಿಗೆ ಜಾಗ ಉಳಿಸುತ್ತದೆ ನಿಜ, ಆದರೆ ರಾತ್ರಿ ಎರಡಕ್ಕೆ ಟಾಯ್ಲೆಟ್ಟಿಗೆ ಏಳುವವರು ಪ್ರತಿ ಸಲವೂ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ತಿಂಗಳುಗಟ್ಟಲೆ ಇರುವುದಾದರೆ ಎರಡೂ ಕಡೆಯಿಂದ ಇಳಿಯುವ ಹಾಸಿಗೆಯೇ ಮೇಲು.

ಹೊರಡುವ ಮುನ್ನ ಪಟ್ಟಿ ಓದುವ ಕೆಲಸಕ್ಕೂ ಇಬ್ಬರು ಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಆ ವಸ್ತುವನ್ನು ಕೈಯಿಂದ ಮುಟ್ಟಿಯೇ "ಆಯ್ತು" ಅನ್ನಬೇಕು. ಛಾವಣಿಯ ಕಿಂಡಿ ಮುಚ್ಚಿದೆ. ಕಿಟಕಿಗಳ ಚಿಲಕ ಹಾಕಿದೆ. ಗ್ಯಾಸ್ ಬಂದ್. ಪಂಪ್ ಆರಿದೆ. ಫ್ರಿಜ್ಜಿನ ಬಾಗಿಲು, ಡ್ರಾಯರುಗಳ ಕೊಂಡಿ ಬಿದ್ದಿದೆ. ಹೊರಗಿನ ಮೆಟ್ಟಿಲು ಒಳಗೆ ಬಂದಿದೆ. ಕರೆಂಟಿನ ಕೇಬಲ್ ಬಿಚ್ಚಿದೆ. ಗಾಡಿ ಮಟ್ಟವಾಗಿ ನಿಲ್ಲಲೆಂದು ಚಕ್ರದಡಿ ಇಟ್ಟ ದಿಮ್ಮಿಗಳನ್ನು ಎತ್ತಿಟ್ಟಿದೆ. ಕೊಳೆನೀರಿನ ವಾಲ್ವ್ ಮುಚ್ಚಿದೆ. ನಡುವೆ ಫೋನ್ ಬಂದರೆ, ಪಕ್ಕದವರು ಮಾತಿಗೆ ನಿಂತರೆ, ಎಲ್ಲಿಗೆ ಬಂದಿದ್ದೆವು ಅಂತ ನೆನಪಿಸಿಕೊಳ್ಳುವ ಪ್ರಯತ್ನ ಬೇಡ, ಮೊದಲಿನಿಂದ ಓದಿ. ಹೊರಟು ಹತ್ತು ಕಿಲೋಮೀಟರ್ ಆಗುವುದರೊಳಗೆ ಒಮ್ಮೆ ಪಕ್ಕಕ್ಕೆ ನಿಲ್ಲಿಸಿ, ಸುತ್ತ ನಡೆದು, ಗಾಡಿಯ ಅಡಿಯಲ್ಲಿ ಏನಾದರೂ ತೊಟ್ಟಿಕ್ಕುತ್ತಿದೆಯೇ ನೋಡಿ. ನಾಲ್ಕು ಚಕ್ರಗಳ ನಡುಭಾಗಕ್ಕೂ ಅಂಗೈಯನ್ನು ಹತ್ತಿರ ಹಿಡಿಯಿರಿ. ಒಂದು ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ, ಮುಂದಕ್ಕೆ ಹೋಗದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.